ಕೀಮೋ ಜೊತೆಗೆ ಕರೆಂಟ್ (ರೇಡಿಯೇಷನ್): ಏಳು ವಾರ ಒಂದು ದಿನವೂ ತಪ್ಪದಂತೆ ಬಾಯಿ, ಹೊಟ್ಟೆ, ಕಿಡ್ನಿ ಕಾಯುವುದು ಹೇಗೆ?

ತುಂಗಾತೀರ
ಗಂಟಲಿನ ಕ್ಯಾನ್ಸರ್, ಟಾನ್ಸಿಲ್ ಜಾಗ. ಆಪರೇಷನ್ ಇಲ್ಲ. 35 ಕರೆಂಟ್, ಒಟ್ಟು 70 ಗ್ರೇ (ರೇಡಿಯೇಷನ್ ಅಳೆಯುವ ಮಾನ). ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ, ಮೈಯ ಹೊರಮೈ ಅಳತೆಯ ಚದರ ಮೀಟರಿಗೆ 40 ಮಿ.ಗ್ರಾಂ ಲೆಕ್ಕದಲ್ಲಿ. ರೋಗಿಯ ತೂಕ 58 ಕೆ.ಜಿ., ಸಕ್ಕರೆ ಕಾಯಿಲೆ ಇಲ್ಲ. 8 ಕರೆಂಟ್ ಆಗಿದೆ. ಕೈಗೆ ಕೊಟ್ಟ ಹಾಳೆಯಲ್ಲಿ "ಬಾಯಿ ಹುಣ್ಣು, ವಾಂತಿ, ಸುಸ್ತು ಬರಬಹುದು, ಚೆನ್ನಾಗಿ ನೀರು ಕುಡಿಯಿರಿ, ಪೌಷ್ಟಿಕ ಆಹಾರ ಸೇವಿಸಿ" ಅಂತಷ್ಟೇ ಇದೆ. ಯಾವುದು ಯಾವ ವಾರ ಬರುತ್ತೆ, ಎಷ್ಟು ನೀರು, ದಿನಕ್ಕೆ ಎಷ್ಟು ಸಲ, ಏನಾದರೆ ರಾತ್ರೋರಾತ್ರಿ ಹೊರಡಬೇಕು, ಇದೊಂದೂ ಇಲ್ಲ. ತಿಳಿದವರು ಲೆಕ್ಕ ಸಮೇತ ಬರೆಯಿರಿ.

ಕರೆಂಟ್‌ಮನೆ (ರೇಡಿಯೋಥೆರಪಿ ಟೆಕ್ನಾಲಜಿಸ್ಟ್)
8 ಅಂದರೆ ಎರಡನೇ ವಾರದ ನಡು. ಇದು ಮೋಸದ ಹೊತ್ತು. ಬಾಯಿ ಸರಿಯಿದೆ, ಊಟ ಸೇರುತ್ತಿದೆ, "ನಮಗೇನೂ ಆಗಲ್ಲ ಬಿಡಿ" ಅನ್ನಿಸುತ್ತೆ. ಸುಮಾರು 20 ಗ್ರೇ, ಅಂದರೆ ಹತ್ತನೇ ಕರೆಂಟ್ ದಾಟಿದ ಮೇಲೆ ಆಟ ಶುರು. ಬಾಯೊಳಗಿನ ಲೋಳೆಪೊರೆ ಒಂದೆರಡು ವಾರಕ್ಕೊಮ್ಮೆ ಹೊಸದಾಗುವಂಥದ್ದು. ಮೇಲಿನ ಪದರ ಸವೆಯುತ್ತಿರುತ್ತೆ, ಕೆಳಗಿನಿಂದ ಹೊಸ ಕಣ ಬರಬೇಕು, ಆ ಕಣಗಳ ಮೇಲೆಯೇ ದಿನಾ ಕರೆಂಟ್ ಬೀಳುತ್ತಿದೆ. ಸಿಸ್‌ಪ್ಲಾಟಿನ್ ಆ ಪೆಟ್ಟನ್ನು ಇನ್ನಷ್ಟು ಹೆಚ್ಚಿಸುತ್ತೆ, ಅದನ್ನು ಕೊಡುವುದೇ ಅದಕ್ಕೆ. ಹಳೆಯ ಪದರ ಇರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ.

ಮೂರನೇ ವಾರ: ಬಾಯಿ ಕೆಂಪು, ಖಾರ ಉರಿ, ರುಚಿ ಹೋಗಲು ಶುರು, ಜೊಲ್ಲು ಅಂಟು. ನಾಲ್ಕು, ಐದು: ಹುಣ್ಣು, ಬಿಳಿ ಪೊರೆ, ಗಟ್ಟಿ ಊಟ ನಿಲ್ಲುತ್ತೆ, ಕತ್ತಿನ ಚರ್ಮ ಕಪ್ಪಾಗುತ್ತೆ. ಆರು, ಏಳು: ಎಲ್ಲವೂ ತುತ್ತತುದಿ. ಕೊನೆಯ ಕರೆಂಟ್ ಆದ ಮೇಲೂ ಒಂದೆರಡು ವಾರ ಹಾಗೇ ಇರುತ್ತೆ ಅಥವಾ ಇನ್ನೂ ಏರುತ್ತೆ. ಇದನ್ನು ಮೊದಲೇ ಗೋಡೆಗೆ ಬರೆದು ಅಂಟಿಸಿ.

ನಮಗೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ, ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ಒಟ್ಟು ಎಷ್ಟು ದಿನ ಹಿಡಿಯಿತು ಅನ್ನುವುದು. ಸುಮಾರು ನಾಲ್ಕು ವಾರ ಕಳೆದ ಮೇಲೆ ಉಳಿದ ಗಡ್ಡೆ ಕಣಗಳು ಜೋರಾಗಿ ಬೆಳೆಯಲು ಶುರುಮಾಡುತ್ತವೆ. ತಲೆ, ಕತ್ತಿನ ಕ್ಯಾನ್ಸರಿನಲ್ಲಿ ಒಂದು ದಿನ ಹೆಚ್ಚಾದರೆ ಆ ಜಾಗದ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಿಂದ 1.4ರಷ್ಟು ಇಳಿಯುತ್ತೆ. ಹುಣ್ಣು ಜಾಸ್ತಿ ಆಗುವುದೂ ಅದೇ ವಾರಗಳಲ್ಲಿ, ಜನ "ನಾಲ್ಕು ದಿನ ಸುಧಾರಿಸಿಕೊಂಡು ಬರ್ತೀವಿ" ಅನ್ನುವುದೂ ಆಗಲೇ. ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋದವರು ಸೋಮವಾರ ಬರುವುದೇ ಇಲ್ಲ. ಹಬ್ಬ, ಮದುವೆ, ಮಷಿನ್ ಕೆಟ್ಟದ್ದು, ಯಾವ ಕಾರಣಕ್ಕಾದರೂ ದಿನ ತಪ್ಪಿದರೆ ಕೊನೆಗೆ ಸೇರಿಸಿಬಿಡೋಣ ಅಂತ ಸುಮ್ಮನಿರಬೇಡಿ. ಶನಿವಾರ ಕೊಡುವುದು, ಇಲ್ಲವೇ ಒಂದೇ ದಿನ ಕನಿಷ್ಠ 6 ಗಂಟೆ ಬಿಟ್ಟು ಎರಡು ಸಲ ಕೊಡುವುದು ಸಾಧ್ಯವಾ ಅಂತ ಅದೇ ವಾರ ಕೇಳಿ.

ವಾರ್ಡ್_ಸಿಸ್ಟರ್ (ಆಂಕಾಲಜಿ ನರ್ಸ್)
ಬಾಯಿ ಮುಕ್ಕಳಿಸುವುದು ಈವತ್ತೇ ಶುರುವಾಗಲಿ, ಹುಣ್ಣಿಗೆ ಕಾಯಬೇಡಿ. ಕುದಿಸಿ ಆರಿಸಿದ ನೀರು 1 ಲೀಟರ್, ಉಪ್ಪು 1 ಟೀ ಚಮಚ, ಅಡುಗೆ ಸೋಡಾ 1 ಟೀ ಚಮಚ. ಚಮಚ ಮಟ್ಟವಾಗಿರಲಿ, ರಾಶಿ ಬೇಡ. ಉಪ್ಪು ಜಾಸ್ತಿಯಾದರೆ ಉರಿಯುತ್ತೆ. ಉರಿದರೆ ಜನ ಮುಕ್ಕಳಿಸುವುದನ್ನೇ ಬಿಡ್ತಾರೆ. ಒಂದು ದಿನದ್ದು ಒಂದೇ ದಿನ, ಮಿಕ್ಕಿದ್ದು ಚೆಲ್ಲಿ.

ಎಚ್ಚರ ಇರುವಾಗೆಲ್ಲ ಎರಡು ಗಂಟೆಗೊಮ್ಮೆ, ಜೊತೆಗೆ ಊಟಕ್ಕೆ ಮುಂಚೆ ಮತ್ತು ಆಮೇಲೆ. ದಿನಕ್ಕೆ 8ರಿಂದ 10 ಸಲ. ಬಾಯ್ತುಂಬ ಬೇಡ, ಎರಡು ಗುಟುಕಷ್ಟು ತಗೊಂಡು ಅರ್ಧ ನಿಮಿಷ ಮೆಲ್ಲಗೆ ಕೆನ್ನೆಯಲ್ಲಿ ಆಡಿಸಿ, ಉಗುಳಿ, ಇನ್ನೊಂದು ಸಲ. ಗಂಟಲಿಗೆ ತಾಗಲಿ ಅಂತ ಗಳಗಳ ಮಾಡುವುದು ಮೊದಲ ಮೂರು ವಾರಕ್ಕೆ ಸರಿ. ಗಂಟಲು ಕೆರೆದ ಮೇಲೆ ತಲೆ ಅತ್ತಿತ್ತ ವಾಲಿಸಿದರೆ ಸಾಕು.

ಐದನೇ ವಾರ ಬರುವ ಆ ಅಂಟು ಲೋಳೆ ಇದೆಯಲ್ಲ, ಬೆರಳಿಗೆ ಸಿಕ್ಕಿದರೆ ಹಲಸಿನ ಮೇಣದ ಹಾಗೆ ಎಳೆಎಳೆಯಾಗಿ ಬರುತ್ತೆ. ಜೊಲ್ಲಿನ ಗ್ರಂಥಿ ಸೊರಗಿ ನೀರಿನಂಶ ಹೋಗಿ ಗಟ್ಟಿ ಭಾಗ ಉಳಿದದ್ದು ಅದು. ಸೋಡಾ ನೀರಿಗೆ ಅದು ಸಡಿಲವಾಗುತ್ತೆ. ಹಾಗಾಗಿ ತುತ್ತಿಗೆ ಮುಂಚೆ ಮುಕ್ಕಳಿಸಿ. ಲೋಳೆ ಹಾಗೇ ಇಟ್ಟುಕೊಂಡು ನುಂಗಲು ಹೋದರೆ ಓಕರಿಕೆ, ಅದರಿಂದ ವಾಂತಿ. ಎಷ್ಟೋ ಮನೆಯಲ್ಲಿ ಇದನ್ನು ಕೀಮೋ ವಾಂತಿ ಅಂದುಕೊಂಡು ಮಾತ್ರೆ ಹೆಚ್ಚಿಸುತ್ತಾ ಹೋಗ್ತಾರೆ, ನಿಲ್ಲುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಲೋಳೆ ಸಮೇತ ಬಂದರೆ ಅದು ಗಂಟಲಿನದ್ದು. ಅದಕ್ಕೆ ಮಾತ್ರೆಗಿಂತ ಸೋಡಾ ನೀರು, ಮಲಗುವಾಗ ತಲೆ ಎತ್ತರ, ಕೋಣೆಯಲ್ಲಿ ಸ್ವಲ್ಪ ಹಬೆ.

ದಿನಾ ಒಂದು ಸಲ ಟಾರ್ಚ್ ಹಾಕಿ ಬಾಯಿ ನೋಡಿ. ಹುಣ್ಣಿನ ಮೇಲಿನ ಬಿಳಿ ಪೊರೆ ಅಂಟಿಕೊಂಡಿರುತ್ತೆ, ಕೀಳಬೇಡಿ. ಮೊಸರು ಚೆಲ್ಲಿದ ಹಾಗೆ ಚುಕ್ಕೆಚುಕ್ಕೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಿಟ್ಟು ಬರುವಂತಿದ್ದರೆ ಅದು ಫಂಗಸ್. ನಿನ್ನೆಗಿಂತ ಈವತ್ತು ಏಕಾಏಕಿ ಉರಿ ಜಾಸ್ತಿಯಾದರೆ ಮೊದಲ ಅನುಮಾನ ಅದರ ಮೇಲೆಯೇ. ಕ್ಲೋಟ್ರಿಮಜೋಲ್ ಹಚ್ಚಲು ಅಥವಾ ಫ್ಲೂಕೊನಜೋಲ್ ನುಂಗಲು ಬರೆದುಕೊಡ್ತಾರೆ. ಎರಡು ಮೂರು ದಿನದಲ್ಲಿ ವ್ಯತ್ಯಾಸ ಕಾಣುತ್ತೆ.

ಮಲೆನಾಡಮಳೆ
ಜೇನುತುಪ್ಪ, ಅರಿಶಿನ, ಐಸ್ ಕ್ಯಾಂಡಿ, ಮೆಡಿಕಲ್‌ನಲ್ಲಿ ಸಿಗುವ ಮೌತ್‌ವಾಷ್, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಯಾವುದಕ್ಕೆ ಆಧಾರ ಇದೆ?

ಹಲ್ಲುನೋಟ (ದಂತವೈದ್ಯೆ)
ಒಂದೊಂದಾಗಿ. ಅಂಗಡಿ ಮೌತ್‌ವಾಷ್‌ಗಳಲ್ಲಿ ಆಲ್ಕೋಹಾಲ್ ಇರುವುದು ಬೇಡವೇ ಬೇಡ. ಕ್ಲೋರ್‌ಹೆಕ್ಸಿಡಿನ್ ವಸಡಿಗೆ ಒಳ್ಳೆಯದು ನಿಜ, ಆದರೆ ಕರೆಂಟಿನ ಹುಣ್ಣು ತಡೆಯಲು ಅದನ್ನು ಬಳಸಬೇಡಿ ಅಂತಲೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ. ಬೆಂಜಿಡಮೈನ್ ದ್ರವಕ್ಕೆ ಆಧಾರ ಇದೆ: 15 ಮಿ.ಲೀ., ಅರ್ಧ ನಿಮಿಷ, ಮೂರು ಗಂಟೆಗೊಮ್ಮೆ. ಚುರುಗುಟ್ಟಿದರೆ ಅಷ್ಟೇ ನೀರು ಬೆರೆಸಿ. ಹುಣ್ಣು ಬರುವ ಮುಂಚೆ ಶುರುಮಾಡಿದರೆ ಫಲ ಹೆಚ್ಚು.

ಜೇನು: ಅದೇ ಮಾರ್ಗಸೂಚಿಯಲ್ಲಿ ಅದಕ್ಕೂ ಜಾಗ ಇದೆ. ಪ್ರಯೋಗದಲ್ಲಿ ಕೊಟ್ಟ ರೀತಿ ಅಂದರೆ 20 ಮಿ.ಲೀ., ಕರೆಂಟಿಗೆ 15 ನಿಮಿಷ ಮುಂಚೆ, 15 ನಿಮಿಷ ಆದಮೇಲೆ, 6 ಗಂಟೆ ಬಿಟ್ಟು ಇನ್ನೊಮ್ಮೆ, ಬಾಯೆಲ್ಲ ಆಡಿಸಿ ನಿಧಾನ ನುಂಗುವುದು. ಸಕ್ಕರೆ ಕಾಯಿಲೆಯವರಿಗೆ ಆಗದು. ಮತ್ತೆ, ಜೊಲ್ಲಿಲ್ಲದ ಬಾಯಲ್ಲಿ ಹಲ್ಲಿಗೆ ಜೇನು ಹತ್ತಿಕೊಂಡಿದ್ದರೆ ಹುಳುಕು ಗ್ಯಾರಂಟಿ, ಸ್ವಲ್ಪ ಹೊತ್ತಿನ ಮೇಲೆ ನೀರಾಡಿಸಿ.

ಐಸ್ ತಂಪು ಕೊಡುತ್ತೆ, ಅಷ್ಟೇ. ಐಸ್ ಕಡಿದು ಹುಣ್ಣು ತಡೆಯುವುದು ಬೇರೆ ಕೆಲವು ಕೀಮೋ ಔಷಧಿಗಳ ವಿಷಯ, ಕರೆಂಟಿಗೆ ಅದು ನಡೆಯಲ್ಲ. ಅರಿಶಿನ ಪುಡಿ ಬಾಯಿಗೆ ಹಾಕಿದರೆ ಹುಣ್ಣಿನಲ್ಲಿ ಮರಳು ಉಜ್ಜಿದ ಹಾಗೆ. ಕಡಿಮೆ ಶಕ್ತಿಯ ಲೇಸರ್ ಅಂತ ಒಂದಿದೆ, ದಿನಾ ಕರೆಂಟಿಗೆ ಮುಂಚೆ ಬಾಯೊಳಗೆ ಹಿಡಿಯುವುದು. ಆಧಾರ ಗಟ್ಟಿ ಇದೆ, ನಿಮ್ಮ ಆಸ್ಪತ್ರೆಯಲ್ಲಿ ಇದೆಯಾ ಕೇಳಿ.

ಬ್ರಷ್ ನಿಲ್ಲಿಸಬೇಡಿ. ತೀರಾ ಮೃದುವಾದದ್ದು, ಬಿಸಿನೀರಲ್ಲಿ ಒಂದು ನಿಮಿಷ ಅದ್ದಿದರೆ ಇನ್ನೂ ಮೆತ್ತಗಾಗುತ್ತೆ. ಪುದೀನ ಘಾಟಿನ ಪೇಸ್ಟ್ ಉರಿಸಿದರೆ ಮಕ್ಕಳ ಪೇಸ್ಟ್, ಆದರೆ ಫ್ಲೋರೈಡ್ ಇರಲೇಬೇಕು. ಸೆಟ್ ಹಲ್ಲು ಊಟಕ್ಕೆ ಮಾತ್ರ, ಹುಣ್ಣಾದ ಮೇಲೆ ಅದೂ ಬೇಡ. ಇನ್ನೂ ಚಿಕಿತ್ಸೆ ಶುರುವಾಗದ ಯಾರಾದರೂ ಇದನ್ನು ಓದುತ್ತಿದ್ದರೆ: ಕೀಳಬೇಕಾದ ಹಲ್ಲನ್ನು ಕರೆಂಟಿಗೆ 10–14 ದಿನ ಮುಂಚೆಯೇ ಕೀಳಿಸಿ. ಆಮೇಲೆ ಕಿತ್ತರೆ ದವಡೆ ಮೂಳೆ ಮಾಯದೆ ಕೊಳೆಯುವ ಅಪಾಯ ಜೀವನಪೂರ್ತಿ ಇರುತ್ತೆ.

ಔಷಧಿ_ಹುಬ್ಬಳ್ಳಿ (ಫಾರ್ಮಸಿಸ್ಟ್)
ಗುಳಿಗಿ ಲೆಕ್ಕ ನಾ ಹೇಳ್ತೇನ್ರಿ. ಕೀಮೋ ವಾಂತಿ ಎರಡು ಥರ. ಒಂದು ಔಷಧ ಏರಿಸಿದ ದಿನದ್ದು, ಇನ್ನೊಂದು ಮರುದಿನದಿಂದ ಐದನೇ ದಿನದ ತನಕ ಕಾಡೋದು. ಮೊದಲನೇದಕ್ಕ ಆಸ್ಪತ್ರ್ಯಾಗ ಇಂಜೆಕ್ಷನ್ ಹಾಕಿರ್ತಾರ. ತಪ್ಪೋದು ಎರಡನೇದ್ರಾಗ. "ವಾಂತಿ ಬಂದ್ರ ತಗೊಳ್ಳೋಣು" ಅಂತ ಗುಳಿಗಿ ಡಬ್ಬ್ಯಾಗ ಇಟ್ಟಿರ್ತಾರ. ಹಂಗಲ್ಲರೀ, ಬರೋದಕ್ಕ ಮುಂಚೇನ ತಗೋಬೇಕು, ಬರೆದಷ್ಟು ದಿನ, ವಾಂತಿ ಇರ್ಲಿ ಬಿಡ್ಲಿ.

ಸಾಮಾನ್ಯ ಕೊಡೋದು ಇಷ್ಟು: ಅಪ್ರೆಪಿಟಂಟ್ ಮೊದಲ ದಿನ 125 ಮಿ.ಗ್ರಾಂ, ಆಮೇಲೆ ಎರಡು ದಿನ 80 ಮಿ.ಗ್ರಾಂ; ಒಂಡಾನ್‌ಸೆಟ್ರಾನ್ ಇಲ್ಲಾ ಪಾಲೊನೊಸೆಟ್ರಾನ್; ಡೆಕ್ಸಾಮೆಥಾಸೋನ್; ರಾತ್ರಿ ಒಲಾಂಜಪಿನ್. ಡೆಕ್ಸಾ ಮುಂಜಾನೆ ತಿಂಡಿ ಆದಮ್ಯಾಲೆ ತಗೋರಿ, ಸಂಜಿಗೆ ತಗೊಂಡ್ರ ರಾತ್ರಿಯಿಡೀ ನಿದ್ದಿ ಇಲ್ಲ. ಬಿಕ್ಕಳಿಕೆ ಬಂದ್ರ, ಶುಗರ್ ಏರಿದ್ರ ಅದರದ್ದೇ ಕೆಲಸ ಇರಬಹುದು. ಒಲಾಂಜಪಿನ್ ತಗೊಂಡು ಮರುದಿನ ಮಧ್ಯಾಹ್ನದ ತನಕ ತೂಕಡಿಸೋರು ಬಾಳ ಮಂದಿ. 10 ಮಿ.ಗ್ರಾಂ ಬ್ಯಾಡ, 2.5 ಮಿ.ಗ್ರಾಂ ಸಾಲ್ತೈತಿ ಅಂತ ನಮ್ಮ ದೇಶದಾಗ ನಡೆದ ಪ್ರಯೋಗದಾಗ ತಿಳಿದೈತಿ, ಡಾಕ್ಟ್ರಿಗೆ ಕೇಳ್ರಿ. ಒಂಡಾನ್‌ಸೆಟ್ರಾನ್ ಹೊಟ್ಟಿ ಕಟ್ಟಿಸ್ತೈತಿ.

ಇನ್ನ ನೋವು. ಇದೊಂದು ಮಾತು ದಪ್ಪ ಅಕ್ಷರದಾಗ ಬರಕೊಳ್ರಿ: ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಬ್ಯಾಡ. ಸಿಸ್‌ಪ್ಲಾಟಿನ್ ಕಿಡ್ನಿ ಹಿಂಡೋ ಔಷಧ, ಇವು ಕಿಡ್ನಿಗೆ ಹೋಗೋ ರಕ್ತಾನ ಕಡಿಮಿ ಮಾಡ್ತಾವ. ಊರಾಗ ಸಣ್ಣ ಕ್ಲಿನಿಕ್‌ನಾಗ ಕೈಕಾಲು ನೋವು ಅಂದಕೂಡಲೆ ಡೈಕ್ಲೋ ಸೂಜಿ ಚುಚ್ಚೋದು ವಾಡಿಕೆ. ಕೀಮೋ ಕಾರ್ಡ್ ತೋರಿಸಿ ಬ್ಯಾಡ ಅನ್ರಿ. ಜ್ವರಕ್ಕಂತ ಜೆಂಟಾಮೈಸಿನ್, ಅಮಿಕಾಸಿನ್ ಸೂಜಿನೂ ಹಂಗ, ಕಿಡ್ನಿ, ಕಿವಿ ಎರಡಕ್ಕೂ ಪೆಟ್ಟು. ಭಸ್ಮ, ಹೆಸರಿಲ್ಲದ ಕಷಾಯ ಈ ಏಳು ವಾರ ದೂರ ಇಡ್ರಿ.

ಪ್ಯಾರಾಸಿಟಮಾಲ್ ಸಾಲದಿದ್ರ ಟ್ರಾಮಡಾಲ್, ಅದೂ ಸಾಲದಿದ್ರ ಮಾರ್ಫಿನ್. ಮಾರ್ಫಿನ್ ಅಂದ್ರ ಮನಿಮಂದಿ ಹೆದರ್ತಾರ, ಚಟ ಹತ್ತತೈತಿ ಅಂತ. ಹುಣ್ಣಿನ ನೋವಿಗೆ ವೈದ್ಯರು ಹೇಳಿದಷ್ಟು ತಗೊಂಡು ಹುಣ್ಣು ಮಾದಮ್ಯಾಲೆ ಹಂತಹಂತವಾಗಿ ಇಳಿಸ್ತಾರ, ಅಷ್ಟ. ಸಾದಾ ಮಾರ್ಫಿನ್ ಗುಳಿಗಿ ನಾಕು ತಾಸಿಗೊಮ್ಮೆ ಗಡಿಯಾರ ನೋಡಿ, ಒಂದು ಹೊತ್ತು ಊಟಕ್ಕ ಅರ್ಧ ತಾಸು ಮುಂಚೆ ಬೀಳೋಹಂಗ ಹೊಂದಿಸ್ಕೊಳ್ರಿ. ಮಾರ್ಫಿನ್ ಶುರು ಆದ ದಿನಾನ ಹೊಟ್ಟಿ ಸಡಿಲ ಮಾಡೋ ಬಿಸಾಕೊಡಿಲ್ ಥರದ್ದೂ ಶುರು ಆಗ್ಬೇಕು. ಇಸಬ್‌ಗೋಲ್ ಬ್ಯಾಡ, ನೀರು ಕಡಿಮಿ ಕುಡಿಯೋ ಮನುಷ್ಯಾಗ ಅದು ಒಳಗ ಗಟ್ಟಿ ಆಗಿ ಕುಂದರ್ತೈತಿ. ಫೆಂಟಾನಿಲ್ ಪಟ್ಟಿ ಹಚ್ಚಿದ್ರ 72 ತಾಸು ನಡೀತೈತಿ, ಆದ್ರ ಮೊದಲ 12–24 ತಾಸು ಪೂರ್ತಿ ಹಿಡಿಯೂದಿಲ್ಲ. ಅದರ ಮ್ಯಾಲೆ ಬಿಸಿನೀರಿನ ಚೀಲ ಇಡಬ್ಯಾಡ್ರಿ, ಔಷಧ ಒಮ್ಮೆಲೆ ಇಳೀತೈತಿ.

ಲಿಗ್ನೋಕೇನ್ ಅನ್ನೋ ಜೆಲ್ಲಿಯಂಥ ದ್ರವ ಬಾಯಿಗೆ ಜೋಮು ಹಿಡಿಸ್ತೈತಿ, ಉಣ್ಣಾಕ ಅನುಕೂಲ. ಆದ್ರ ಬಿಸಿ ಗೊತ್ತಾಗೂದಿಲ್ಲ, ಕೆನ್ನಿ ಕಚ್ಚಿಕೊಂಡಿದ್ದೂ ಗೊತ್ತಾಗೂದಿಲ್ಲ, ನೀರು ಶ್ವಾಸಕ್ಕ ಹೋಗಬಹುದು. ನುಂಗುವಾಗ ಕೆಮ್ಮು ಬರೋರಿಗೆ ಇದು ಬ್ಯಾಡ.

ತುಂಗಾತೀರ
ತುಂಬಾ ಉಪಯೋಗ ಆಯ್ತು ರೀ. ನೀರು ಎಷ್ಟು ಅಂತ ಯಾರೂ ಹೇಳಲಿಲ್ಲ. ಕೀಮೋ ದಿನ ಹೇಗೂ ಬಾಟಲಿ ಏರಿಸ್ತಾರಲ್ಲ?

ವಾರ್ಡ್_ಸಿಸ್ಟರ್
ಏರಿಸ್ತಾರೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಬೆರೆಸಿದ ಸಲೈನ್. ಆದರೆ ಮರುದಿನದಿಂದ ಕನಿಷ್ಠ ಮೂರು ದಿನ ಒಟ್ಟು ದ್ರವ 2ರಿಂದ 2.5 ಲೀಟರ್ ಹೋಗಲೇಬೇಕು. ಗಂಜಿ, ಹಾಲು, ಎಳನೀರು ಎಲ್ಲ ಸೇರಿ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಲೆಕ್ಕ ಬೇರೆ. ಲೀಟರ್ ಬಾಟಲಿ ಎರಡು ತುಂಬಿಸಿ ಕಣ್ಣೆದುರು ಇಟ್ಟುಬಿಡಿ, ಸಂಜೆಗೆ ಎಷ್ಟು ಉಳಿದಿದೆ ಗೊತ್ತಾಗುತ್ತೆ. ಮೂತ್ರ ಒಣ ಹುಲ್ಲಿನ ತಿಳಿ ಹಳದಿ ಬಣ್ಣ ಇದ್ದರೆ ಸರಿ, ಟೀ ಬಣ್ಣಕ್ಕೆ ತಿರುಗಿದರೆ ಕಡಿಮೆಯಾಗಿದೆ ಅಂತ.

ಕಿಡ್ನಿ ಕೆಡುವ ದಾರಿ ಹೀಗೆ: ಐದನೇ ವಾರ ಬಾಯಿ ಉರಿಗೆ ನೀರು ಸೇರುವುದಿಲ್ಲ, ಆದರೂ ಕೀಮೋ ನಡೆಯುತ್ತೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರುತ್ತೆ, ಮುಂದಿನ ಕೀಮೋ ನಿಲ್ಲುತ್ತೆ. ಅಂದರೆ ಬಾಯಿ ನೋವಿಗೆ ಸರಿಯಾಗಿ ಔಷಧಿ ಕೊಡುವುದೇ ಕಿಡ್ನಿ ಕಾಯುವ ಮೊದಲ ಕೆಲಸ. ಒಂದು ದಿನಕ್ಕೆ 1 ಲೀಟರೂ ಒಳಗೆ ಹೋಗದಿದ್ದರೆ ಮರುದಿನ ಕರೆಂಟಿಗೆ ಬಂದಾಗಲೇ ಹೇಳಿ, ಡೇ ಕೇರ್‌ನಲ್ಲಿ ಸಲೈನ್ ಹಾಕಿ ಕಳಿಸ್ತಾರೆ. ಕಾಲಿನ ಮೀನಖಂಡ ಹಿಡಿಯುವುದು, ಬೆರಳು ಅದುರುವುದು ಇದ್ದರೆ ಮೆಗ್ನೀಸಿಯಂ ನೋಡಿಸಿ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಶುರುವಾದರೆ ಮುಂದಿನ ಡೋಸ್ ಏರಿಸುವ ಮುಂಚೆ ಹೇಳಬೇಕು. ಸಿಸ್‌ಪ್ಲಾಟಿನ್‌ನಿಂದ ಹೋದ ಕಿವಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸಿಸ್‌ಪ್ಲಾಟಿನ್ ಒಗ್ಗದವರಿಗೆ ಅದರ ಬದಲು ವಾರಕ್ಕೆ ಡೋಸೆಟ್ಯಾಕ್ಸೆಲ್ 15 ಮಿ.ಗ್ರಾಂ (ಚದರ ಮೀಟರಿಗೆ) ಕೊಡುವ ದಾರಿ ಇದೆ, ಟಾಟಾ ಮೆಮೋರಿಯಲ್ ಆಸ್ಪತ್ರೆಯ ಪ್ರಯೋಗದಿಂದ ಬಂದದ್ದು.

ಹಳೇಸೇತುವೆ
ಊಟ ಕೊಡಲು ಮೂಗಿನಿಂದ ಹೊಟ್ಟೆಗೆ ಇಳಿಸುವ ಪೈಪ್ ಬಗ್ಗೆ ಒಂದು ಮಾತು. ಎಲ್ಲರಿಗೂ ಮೊದಲೇ ಪೈಪ್ ಹಾಕಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಎರಡು ತಿಂಗಳು ನುಂಗದೇ ಇದ್ದರೆ ನುಂಗುವುದೇ ಮರೆತುಹೋಗುತ್ತೆ.

ಡಯಟ್_ದಾವಣಗೆರೆ (ಆಹಾರ ತಜ್ಞೆ)
ಮರೆಯುವುದು ನಿಜ. ಆದರೆ ಪೈಪ್ ಬೇಡ ಬೇಡ ಅಂತ ಎಳೆದಾಡಿ 8 ಕೆ.ಜಿ. ಇಳಿಸಿಕೊಂಡು ಕರೆಂಟ್ ನಿಲ್ಲಿಸುವುದು ಅದಕ್ಕಿಂತ ಕೆಟ್ಟದ್ದು ಸರ್. ನಡುವಿನ ದಾರಿ: ತೂಕಕ್ಕೆ ಗೆರೆ ಹಾಕಿಕೊಳ್ಳಿ. 58 ಕೆ.ಜಿ.ಗೆ ಶೇ. 5 ಅಂದರೆ 2.9 ಕೆ.ಜಿ. ತೂಕ 55ಕ್ಕೆ ಇಳಿದ ದಿನ ಪೈಪ್ ಮಾತು ಎತ್ತಬೇಕು, 52 ಮುಟ್ಟಲು ಬಿಡಬಾರದು. ಅಥವಾ ಮೂರು ದಿನ ಬೇಕಾದುದರಲ್ಲಿ ಅರ್ಧವೂ ಹೋಗಲಿಲ್ಲ ಅಂದರೆ ಹಾಕಿಸಿ. ಹಾಕಿದ ಮೇಲೂ ದಿನಕ್ಕೆ ಹತ್ತಿಪ್ಪತ್ತು ಸಲ ನೀರಿನ ಗುಟುಕು ಬಾಯಿಂದಲೇ ನುಂಗಿ, ಕೆಮ್ಮು ಬಾರದಿದ್ದರೆ. ತೂಕ ಸೋಮವಾರ ಸೋಮವಾರ, ಅದೇ ತಕ್ಕಡಿ, ಅದೇ ಹೊತ್ತು.

ಬೇಕಾದದ್ದು ಕೆ.ಜಿ.ಗೆ 30 ಕ್ಯಾಲೊರಿ, 1.2–1.5 ಗ್ರಾಂ ಪ್ರೋಟೀನ್. ಅಂದರೆ ಇವರಿಗೆ ದಿನಕ್ಕೆ ಸುಮಾರು 1,750 ಕ್ಯಾಲೊರಿ, 70–87 ಗ್ರಾಂ ಪ್ರೋಟೀನ್. ನಮ್ಮ ಕಡೆ ಮೋಸ ಹೋಗುವುದು ರಾಗಿ ಗಂಜಿಯಲ್ಲಿ. "ಎಂಟು ಲೋಟ ಕುಡಿದರು ಮೇಡಂ" ಅಂತಾರೆ. ಒಂದು ಲೋಟಕ್ಕೆ 20 ಗ್ರಾಂ ಹಿಟ್ಟು, ಉಳಿದದ್ದು ನೀರು. ಎಂಟು ಲೋಟಕ್ಕೆ 500 ಚಿಲ್ಲರೆ ಕ್ಯಾಲೊರಿ, ಪ್ರೋಟೀನ್ ಹನ್ನೆರಡು ಗ್ರಾಮೂ ಇಲ್ಲ. ಹೊಟ್ಟೆ ತುಂಬಿತು, ತೂಕ ಇಳಿಯಿತು.

ಹಿಟ್ಟು ಹೆಚ್ಚಿಸಿದರೆ ಗಂಜಿ ಮುದ್ದೆಯಾಗುತ್ತೆ, ಇಳಿಯುವುದಿಲ್ಲ. ಇಲ್ಲೇ ಮೊಳಕೆ ರಾಗಿ ಬೇಕಾಗುವುದು. ರಾಗಿ 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಮೊಳಕೆ ಬರಿಸಿ, ಒಣಗಿಸಿ ಬೀಸಿ. ಹುರಿಯಬೇಡಿ. ಹುರಿದರೆ ಘಮ ಬರುತ್ತೆ, ಆದರೆ ಗಂಜಿಯನ್ನು ನೀರಾಗಿಸುವ ಅಮೈಲೇಸ್ ಅನ್ನುವ ಕಿಣ್ವ ಸತ್ತುಹೋಗುತ್ತೆ. ಸಾಮಾನ್ಯ ರಾಗಿ ಹಿಟ್ಟು 30 ಗ್ರಾಂ ಅನ್ನು 250 ಮಿ.ಲೀ. ನೀರಲ್ಲಿ ಗಂಟಿಲ್ಲದೆ ಕದಡಿ ಚೆನ್ನಾಗಿ ಬೇಯಿಸಿ. ಸೌಟು ಎತ್ತಿದರೆ ದಪ್ಪಗೆ ಜಾರಬೇಕು. ಒಲೆಯಿಂದ ಇಳಿಸಿ ಬೆರಳಿಟ್ಟರೆ ಚುರುಕ್ ಅನ್ನುವಷ್ಟು ಆರಿದಾಗ ಮೊಳಕೆ ಹಿಟ್ಟು 1 ಟೀ ಚಮಚ ಹಾಕಿ ಕಲಸಿ, ಮುಚ್ಚಿ. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಅದೇ ಗಂಜಿ ಮಜ್ಜಿಗೆಯ ಹಾಗೆ ಹರಿಯುತ್ತೆ. ಕುದಿಯುವಾಗಲೇ ಹಾಕಿದರೆ ತೆಳ್ಳಗಾಗಲ್ಲ, ಪೂರ್ತಿ ಆರಿದ ಮೇಲೆ ಹಾಕಿದರೆ ತುಂಬಾ ಹೊತ್ತು ಬೇಕು. ತೆಳ್ಳಗಾದ ಮೇಲೆ ಮತ್ತೆ ಎರಡು ನಿಮಿಷ ಕುದಿಸುವುದನ್ನು ಮರೆಯಬೇಡಿ, ಮೊಳಕೆಯಲ್ಲಿ ಕ್ರಿಮಿ ಇರುತ್ತೆ, ಕೀಮೋದಿಂದ ರಕ್ತದ ಬಿಳಿಕಣ (ಸೋಂಕು ತಡೆಯುವ ಕಣ) ಇಳಿದವರಿಗೆ ಹಸಿಯದು ಆಗದು. ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ.

ಒಂದು ಹೊತ್ತಿಗೆ ಲೆಕ್ಕ: ಕೆನೆಭರಿತ ಹಾಲು 200 ಮಿ.ಲೀ., ಕೆನೆರಹಿತ ಹಾಲಿನ ಪುಡಿ 15 ಗ್ರಾಂ, ರಾಗಿ 15 ಗ್ರಾಂ ಇದೇ ರೀತಿ ತೆಳ್ಳಗೆ ಮಾಡಿದ್ದು, ಎಣ್ಣೆ 1 ಟೀ ಚಮಚ, ಸಕ್ಕರೆ 2 ಟೀ ಚಮಚ. ಸುಮಾರು 350 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಇಂಥದ್ದು ಐದು. ಜೊತೆಗೆ ಪೂರ್ತಿ ಬೇಯಿಸಿದ ಎರಡು ಮೊಟ್ಟೆ ಹಾಲಲ್ಲಿ ಮಿಕ್ಸಿಗೆ ಹಾಕಿದರೆ 12 ಗ್ರಾಂ. ಮೊಟ್ಟೆ ತಿನ್ನದವರು ಹೆಸರುಬೇಳೆ 50 ಗ್ರಾಂ ಬೇಯಿಸಿ ನುಣ್ಣಗೆ ಅರೆದು ಸೋಸಿ. ಬರೀ ಬೇಳೆ ಕಟ್ಟಿನಲ್ಲಿ ಏನೂ ಇರುವುದಿಲ್ಲ, ಬೇಳೆಯೇ ಒಳಗೆ ಹೋಗಬೇಕು. ಕಿತ್ತಳೆ, ಟೊಮೆಟೊ, ಹುಳಿ ಮಜ್ಜಿಗೆ, ಮೆಣಸಿನ ಸಾರು ನಾಲ್ಕನೇ ವಾರದಿಂದ ಬಾಯಿಗೆ ಬೇಡ.

ವಾರ್ಡ್_ಸಿಸ್ಟರ್
ಪೈಪ್ ಹಾಕಿದ ಮೇಲೆ ಮೂಗಿನ ಹೊಳ್ಳೆ ಹತ್ತಿರ ಪೈಪ್ ಮೇಲೆ ಪೆನ್ನಿನಿಂದ ಗೆರೆ ಎಳೆದಿರುತ್ತಾರೆ ಅಥವಾ ಸೆಂ.ಮೀ. ಅಂಕಿ ಇರುತ್ತೆ. ಪ್ರತಿ ಸಲ ಹಾಕುವ ಮುಂಚೆ ಅದನ್ನು ನೋಡಿ. ಹೊರಗೆ ಜಾರಿದ್ದರೆ ಹಾಕಬೇಡಿ, ಒಳಗೆ ತಳ್ಳಬೇಡಿ. ವಾಂತಿ, ಜೋರು ಕೆಮ್ಮು ಆದಮೇಲೆ ವಿಶೇಷವಾಗಿ ನೋಡಿ.

ಕೂರಿಸಿ, ಅಥವಾ ಕನಿಷ್ಠ 45 ಡಿಗ್ರಿ ಒರಗಿಸಿ. 50 ಮಿ.ಲೀ. ಸಿರಿಂಜಿನ ಹಿಡಿ ತೆಗೆದು ಆಲಿಕೆಯ ಹಾಗೆ ಸಿಕ್ಕಿಸಿ, ಮೊದಲು 30 ಮಿ.ಲೀ. ನೀರು, ಆಮೇಲೆ ಗಂಜಿ, ತಾನಾಗೇ ಇಳಿಯಲಿ. ಬೇಗ ಬೇಕಾದರೆ ಸಿರಿಂಜ್ ಸ್ವಲ್ಪ ಮೇಲೆತ್ತಿ, ಒತ್ತಬೇಡಿ. ಒಂದು ಸಲಕ್ಕೆ 200–250 ಮಿ.ಲೀ., ಹದಿನೈದು ಇಪ್ಪತ್ತು ನಿಮಿಷ. ಮುಗಿದ ಮೇಲೆ ಮತ್ತೆ 30–50 ಮಿ.ಲೀ. ನೀರು, ಒಂದು ಗಂಟೆ ಮಲಗಿಸಬೇಡಿ. ಕಟ್ಟಿಕೊಳ್ಳುವುದು ಹೆಚ್ಚಾಗಿ ಮಾತ್ರೆಯಿಂದ. ಒಂದೊಂದನ್ನೂ ಬೇರೆ ಬೇರೆ ನುಣ್ಣಗೆ ಪುಡಿ ಮಾಡಿ, ನೀರಲ್ಲಿ ಕದಡಿ, ನಡುವೆ ನೀರು ಹರಿಸಿ. ಗಂಜಿಯಲ್ಲಿ ಬೆರೆಸಬೇಡಿ. ನಿಧಾನವಾಗಿ ಕರಗುವ ಮಾತ್ರೆ ಪುಡಿ ಮಾಡುವಂತಿಲ್ಲ, ದೀರ್ಘಾವಧಿಯ ಮಾರ್ಫಿನ್ ಆದರಂತೂ ಪೂರಾ ಡೋಸ್ ಒಮ್ಮೆಗೇ ಇಳಿದು ಉಸಿರಿಗೇ ಅಪಾಯ. ಕಟ್ಟಿಕೊಂಡರೆ ಬೆಚ್ಚಗಿನ ನೀರು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ತಂತಿ ಹಾಕುವ ಸಾಹಸ ಬೇಡ.

ಕರೆಂಟ್‌ಮನೆ
ತೂಕದ ಮಾತು ಬಂತಲ್ಲ, ನಮ್ಮ ಕಡೆಯದೂ ಸೇರಿಸ್ತೀನಿ. ಮುಖದ ಮೇಲೆ ಬಿಗಿಯುವ ಬಲೆ ಮಾಸ್ಕ್ ಮೊದಲ ದಿನದ ಮುಖಕ್ಕೆ ಎರಕ ಹೊಯ್ದದ್ದು. ಕೆನ್ನೆ ಇಳಿದರೆ ಒಳಗೆ ತಲೆ ಅಲುಗುತ್ತೆ, ಗುರಿ ತಪ್ಪುತ್ತೆ. "ಈಗ ಆರಾಮಾಗಿದೆ, ಬಿಗಿ ಇಲ್ಲ" ಅಂತ ಖುಷಿಪಡಬೇಡಿ, ನಮಗೆ ಹೇಳಿ. ಮತ್ತೆ ಸ್ಕ್ಯಾನ್ ಮಾಡಿ ಹೊಸ ಮಾಸ್ಕ್, ಹೊಸ ಪ್ಲಾನ್ ಮಾಡಬೇಕಾಗಬಹುದು.

ಕತ್ತಿನ ಚರ್ಮ: ಉಗುರುಬೆಚ್ಚನೆ ನೀರು, ಸೌಮ್ಯ ಸೋಪು, ಉಜ್ಜದೆ ಒತ್ತಿ ಒರೆಸಿ. ಘಮವಿಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಎರಡು ಹೊತ್ತು. ಕರೆಂಟಿಗೆ ಬರುವ ಮುಂಚೆ ದಪ್ಪಗೆ ಬಳಿದುಕೊಂಡು ಬರಬೇಡಿ. ಅರಿಶಿನ, ವಿಭೂತಿ, ಪೌಡರ್, ಕೊಬ್ಬರಿ ಎಣ್ಣೆಯ ಮಾಲೀಷು, ಅಂಟುಪಟ್ಟಿ, ಬಿಸಿ ಶಾಖ, ಐಸ್ ಯಾವುದೂ ಬೇಡ. ಬ್ಲೇಡ್ ಬದಲು ಎಲೆಕ್ಟ್ರಿಕ್ ಶೇವರ್. ಸರ, ದಾರ ತೆಗೆದಿಡಿ. ಕಾಲರ್ ಇಲ್ಲದ ಹತ್ತಿ ಬನಿಯನ್ ಅಥವಾ ಜುಬ್ಬ, ಹೊರಗೆ ಬಿಸಿಲಿಗೆ ಹಳೆಯ ಮೆತ್ತನೆ ಪಂಚೆಯ ತುಂಡು. ಆರನೇ ವಾರ ಕತ್ತಿನ ಮಡಿಕೆಯಲ್ಲಿ ಸುಲಿದು ಒಸರಿದರೆ ಆಸ್ಪತ್ರೆಯಲ್ಲೇ ಡ್ರೆಸ್ಸಿಂಗ್ ಮಾಡಿಸಿ.

ವಾರ್ಡ್_ಸಿಸ್ಟರ್
ರಾತ್ರೋರಾತ್ರಿ ಯಾವಾಗ ಹೊರಡಬೇಕು ಅಂತ ಕೇಳಿದ್ದಿರಿ. 100.4 ಫ್ಯಾರನ್‌ಹೀಟ್ ಜ್ವರ, ಅಥವಾ ಜ್ವರ ಇಲ್ಲದಿದ್ದರೂ ಗಡಗಡ ನಡುಕ. ಬೆಳಗಾಗಲಿ ಅನ್ನಬೇಡಿ. ಬಿಳಿಕಣ ಇಳಿದವರಲ್ಲಿ ಆಂಟಿಬಯೋಟಿಕ್ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತಕ್ಕೆ ಹೋಗಬೇಕು. ಒಂದು ತೊಡಕು: ನೋವಿಗೆ ಆರು ಗಂಟೆಗೊಮ್ಮೆ ಪ್ಯಾರಾಸಿಟಮಾಲ್ ಹೋಗುತ್ತಿದ್ದರೆ ಜ್ವರ ಮುಚ್ಚಿಹೋಗುತ್ತೆ. ಮಾತ್ರೆ ಕೊಡುವ ಮುಂಚೆ ಥರ್ಮಾಮೀಟರ್ ಇಡಿ. ಹುಣ್ಣಾದ ಬಾಯಿಗೆ ಬೇಡ, ಕಂಕುಳಲ್ಲಿ. ಅಲ್ಲಿ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತೆ ಅನ್ನುವುದು ನೆನಪಿರಲಿ.

ವಾರದ ರಕ್ತಪರೀಕ್ಷೆ ಓದುವುದು: ಒಟ್ಟು ಬಿಳಿಕಣ 2,200, ಅದರಲ್ಲಿ ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಗೆ) ಶೇ. 42 ಇದ್ದರೆ ನ್ಯೂಟ್ರೋಫಿಲ್ ಎಣಿಕೆ 2,200 × 0.42 = 924. ಸಾವಿರಕ್ಕಿಂತ ಕೆಳಗೆ, ಆ ವಾರ ಕೀಮೋ ಸಾಮಾನ್ಯವಾಗಿ ನಿಲ್ಲುತ್ತೆ. 500ರ ಕೆಳಗೆ ಜ್ವರ ಬಂದರೆ ಜೀವಕ್ಕೆ ಅಪಾಯ. ಕೀಮೋ ನಿಂತಿತು ಅಂದರೆ ಕರೆಂಟೂ ನಿಂತಿತು ಅಂದುಕೊಂಡು ಊರಿಗೆ ಹೋಗುವವರಿದ್ದಾರೆ. ಕರೆಂಟ್ ನಡೆಯುತ್ತಲೇ ಇರುತ್ತೆ, ಡಾಕ್ಟರ್ ನಿಲ್ಲಿಸಿ ಅಂದರೆ ಮಾತ್ರ ನಿಲ್ಲುತ್ತೆ. ಜ್ವರ ಬಿಟ್ಟರೆ: ಬಾಯಿಂದ ರಕ್ತ ನಿಲ್ಲದಿರುವುದು, ಉಸಿರಾಡುವಾಗ ಗಂಟಲಲ್ಲಿ ಸೀಟಿ ಸದ್ದು, 12 ಗಂಟೆ ಮೂತ್ರ ಇಲ್ಲದಿರುವುದು. ಇವಕ್ಕೂ ತಡಮಾಡಬೇಡಿ.

ಕಾವೇರಿಹೊಳೆ
ಗರ್ಭಕೋಶದ ಬಾಯಿಯ ಕ್ಯಾನ್ಸರಿಗೂ ಇದೇ ಸಿಸ್‌ಪ್ಲಾಟಿನ್ ತಾನೆ? ಅಲ್ಲಿ ಭೇದಿ ಕಾಟ.

ಡಯಟ್_ದಾವಣಗೆರೆ
ಅದೇ ಔಷಧಿ, ಕಾಟ ಕೆಳಗೆ. ಎರಡು ಮೂರನೇ ವಾರದಿಂದ ಭೇದಿ. ಹಾಲು, ಸೊಪ್ಪು, ಕಾಳು, ಹಸಿ ತರಕಾರಿ, ಎಣ್ಣೆ ತಿಂಡಿ ಬಿಟ್ಟು ಮೆತ್ತಗಿನ ಅನ್ನ, ತೆಳು ಮಜ್ಜಿಗೆ, ಬಾಳೆಹಣ್ಣು, ಇಡ್ಲಿ. ಮೇಲೆ ಹೇಳಿದ ಹಾಲಿನ ಗಂಜಿ ಇವರಿಗೆ ಅಲ್ಲ. ಲೋಪೆರಮೈಡ್ 2 ಮಿ.ಗ್ರಾಂ ಮೊದಲು ಎರಡು, ಆಮೇಲೆ ಪ್ರತಿ ನೀರು ಭೇದಿಗೆ ಒಂದು, ದಿನಕ್ಕೆ 8 ಮಾತ್ರೆ ಮೀರಬಾರದು. ರಕ್ತ ಅಥವಾ ಜ್ವರ ಇದ್ದರೆ ನೀವೇ ಕೊಡಬೇಡಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದಕ್ಕೆ ಪೂರ್ತಿ 1 ಲೀಟರ್ ನೀರು. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿಕೊಳ್ಳುವುದು ತಪ್ಪು.

ಕರೆಂಟ್‌ಮನೆ
ಜೊತೆಗೆ ಮೂತ್ರಕೋಶ ತುಂಬಿಸಿಕೊಂಡು ಬರುವುದು: ಖಾಲಿ ಮಾಡಿ, ಅರ್ಧ ಲೀಟರ್ ನೀರು ಕುಡಿದು, ನಿಮ್ಮ ಆಸ್ಪತ್ರೆ ಹೇಳಿದಷ್ಟು ನಿಮಿಷ ಕಾಯಿರಿ, ದಿನಾ ಅಷ್ಟೇ. ತುಂಬಿದ ಮೂತ್ರಕೋಶ ಕರುಳನ್ನು ಮೇಲೆ ತಳ್ಳುತ್ತೆ, ಭೇದಿ ಕಡಿಮೆ. ಒಳಗಿನಿಂದ ಕೊಡುವ ಕರೆಂಟೂ ಸೇರಿ ಎಲ್ಲ 8 ವಾರದಲ್ಲಿ ಮುಗಿಯಬೇಕು.

ಹಲ್ಲುನೋಟ
ಬಾಯಿ ತೆರೆಯುವ ವ್ಯಾಯಾಮ ಯಾರೂ ಹೇಳಲಿಲ್ಲ. ಗುಟ್ಕಾ, ಅಡಿಕೆಯಿಂದ ಕೆನ್ನೆ ಮೊದಲೇ ಬಿಗಿದವರು ನಮ್ಮಲ್ಲಿ ಜಾಸ್ತಿ, ಅವರಿಗೆ ಕರೆಂಟ್ ಬಿದ್ದರೆ ದವಡೆ ಇನ್ನೂ ಬಿಗಿಯುತ್ತೆ. ತಮ್ಮದೇ ಮೂರು ಬೆರಳು ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಎರಡೇ ಹಿಡಿದರೆ ತೊಂದರೆ. ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಜೋಡಿಸಿ ಈವತ್ತು ಎಷ್ಟು ಹಿಡಿಯುತ್ತೆ ಎಣಿಸಿ, ರಬ್ಬರ್ ಹಾಕಿ, ತುದಿಗೆ ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ನೋವಿನ ಮಾತ್ರೆ ಹಿಡಿದಾಗ ಕಚ್ಚಿ ಅರ್ಧ ನಿಮಿಷ, ಐದು ಸಲ, ದಿನಕ್ಕೆ ಮೂರು ಹೊತ್ತು. ಐದಾರನೇ ವಾರ ಹೊಸ ಕಡ್ಡಿ ಸೇರಿಸುವ ಹಠ ಬೇಡ, ಇದ್ದಷ್ಟು ಉಳಿದರೆ ಗೆದ್ದ ಹಾಗೆ. ಗುಟ್ಕಾ, ಬೀಡಿ ನಡುವೆ ಶುರುವಾದರೆ ಕರೆಂಟಿನ ಫಲವೂ ಇಳಿಯುತ್ತೆ, ಹುಣ್ಣೂ ಮಾಯುವುದಿಲ್ಲ.

ವಾರ್ಡ್_ಸಿಸ್ಟರ್
ಕೊನೆಯ ಕರೆಂಟ್ ದಿನ ಸಿಹಿ ಹಂಚಿ, ಮಾಸ್ಕ್ ತಗೊಂಡು, ಮಾತ್ರೆ ಎಲ್ಲ ನಿಲ್ಲಿಸಿ ಊರಿಗೆ ಹೋಗುತ್ತಾರೆ. ಮುಂದಿನ ಹತ್ತು ದಿನ ಅತಿ ಕೆಟ್ಟವು ಅಂತ ಗೊತ್ತಿರುವುದಿಲ್ಲ. ನೀರು ನಿಂತು ತಲೆಸುತ್ತಿ ಬಿದ್ದು ಬರುವವರು ಆಗಲೇ ಹೆಚ್ಚು. ಮುಕ್ಕಳಿಸುವುದು, ಗಂಜಿ ಲೆಕ್ಕ, ನೋವಿನ ಮಾತ್ರೆ ಎಲ್ಲ ಅಷ್ಟೇ ಜೋರಾಗಿ ಇನ್ನೂ ಮೂರು ವಾರ ನಡೆಯಬೇಕು, ಹೊರಡುವ ಮುಂಚೆ ಒಂದು ವಾರದೊಳಗಿನ ರಕ್ತಪರೀಕ್ಷೆಗೆ ತಾರೀಕು ಬರೆಸಿಕೊಳ್ಳಿ. ಹುಣ್ಣು ನಾಲ್ಕರಿಂದ ಆರು ವಾರಕ್ಕೆ ಮಾಯುತ್ತೆ, ರುಚಿಗೆ ತಿಂಗಳುಗಳು ಬೇಕು, ಜೊಲ್ಲು ಪೂರ್ತಿ ಬರದೆಯೂ ಇರಬಹುದು. ಗಡ್ಡೆ ಹೋಯಿತಾ ಅಂತ ನೋಡುವ ಪೆಟ್ ಸ್ಕ್ಯಾನ್ ಸುಮಾರು 12 ವಾರದ ಮೇಲೆ. ಮುಂಚೆ ಮಾಡಿದರೆ ಊತವೂ ಹೊಳೆದು ಸುಮ್ಮನೆ ಗಾಬರಿ. ಥೈರಾಯ್ಡ್ ಪರೀಕ್ಷೆ ಆರು ತಿಂಗಳಿಗೊಮ್ಮೆ ಇರಲಿ.

ತುಂಗಾತೀರ
ಎಲ್ಲ ಬರೆದುಕೊಂಡೆ. ಒಂದೇ ಅನುಮಾನ: ಅಡುಗೆ ಸೋಡಾ ಮುಗಿದಿದೆ, ಮನೆಯಲ್ಲಿ ಬೇಕಿಂಗ್ ಪೌಡರ್ ಇದೆ, ಈನೋ ಇದೆ. ಈವತ್ತಿಗೆ ನಡೆಯುತ್ತಾ?

ವಾರ್ಡ್_ಸಿಸ್ಟರ್
ಎರಡೂ ಬೇಡ. ಎರಡರಲ್ಲೂ ಹುಳಿ ಪುಡಿ ಬೆರೆತಿರುತ್ತೆ. ಈವತ್ತಿಗೆ ಬರೀ ಉಪ್ಪು ನೀರು ಸಾಕು, ನಾಳೆ ದಿನಸಿ ಅಂಗಡಿಯಲ್ಲಿ ಅಡುಗೆ ಸೋಡಾ ಅಂತಲೇ ಕೇಳಿ ತನ್ನಿ.